ಭಾಮೆಯ ಪ್ರವೇಶವೂ ಕಾದಂಬರಿಯ ಮೊದಲ ವಾಕ್ಯವೂ

ದೈವಭಕ್ತಿಯನ್ನೂ ಗಂಡುಹೆಣ್ಣಿನ ಒಲುಮೆಯನ್ನೂ ಒಂದೇ ಕಥಾಸೂತ್ರದಲ್ಲಿ ಪೋಣಿಸುವ ಕ್ರೈಸ್ತ ಪ್ರಣಯಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಓದುವ ರಸಿಕರಲ್ಲಿ, ತಾವು ಮೆಚ್ಚಿದ ಕೃತಿಯ ಮೊದಲ ವಾಕ್ಯವನ್ನು ಬಿಡಿಸಿ ತೆಗೆದು, ಇತರ ಓದುಗರ ಮುಂದಿರಿಸಿ, ಅದರ ಚೆಲುವಿನಿಂದಲೇ ಇಡೀ ಪುಸ್ತಕದ ಯೋಗ್ಯತೆಯನ್ನು ಅಳೆಯುವ ಪರಿಪಾಠವೊಂದುಂಟು. ವಿನೋದಕ್ಕಾಗಿ ಮಾಡುವಷ್ಟು ಕಾಲ ಇದರಲ್ಲಿ ದೋಷವಿಲ್ಲ. ಆದರೆ ವಿನೋದವು ಮಾನದಂಡದ ಸ್ಥಾನವನ್ನು ಆಕ್ರಮಿಸತೊಡಗಿದಾಗ ಅದನ್ನು ಒರೆಗೆ ಹಚ್ಚಿ ನೋಡುವುದು ವಿಮರ್ಶಕನ ಕರ್ತವ್ಯವಾಗುತ್ತದೆ. ಘಟಪ್ರಭೆಯ ನೀರುಂಡ ಗೋಕಾವಿ, ಮೂಡಲಗಿ, ಹುಕ್ಕೇರಿ ಸೀಮೆಯವರು ಆ ಒರೆಗಲ್ಲನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಭಕ್ತಿಯೂ ಪ್ರಣಯವೂ ಕೂಡಿದ ಶ್ರೀಕೃಷ್ಣ ಪಾರಿಜಾತವು ಅವರ ಊರ ಬಯಲಿನಲ್ಲಿಯೇ ಆಡಿ ಬೆಳೆದದ್ದು.

ಮೊದಲು ಆ ಕಾದಂಬರಿಗಳ ಸ್ವಭಾವವನ್ನು ನೋಡೋಣ. ಇವುಗಳಲ್ಲಿ ಅಂತ್ಯವು ಗುಟ್ಟಲ್ಲ. ನಾಯಕ ನಾಯಕಿಯರು ಒಂದಾಗುತ್ತಾರೆ, ಸಂಶಯಗ್ರಸ್ತವಾದ ಮನಸ್ಸು ದೇವರಲ್ಲಿ ನೆಲೆಗೊಳ್ಳುತ್ತದೆ ಎಂಬುದನ್ನು ಪುಸ್ತಕವನ್ನು ಕೈಗೆತ್ತಿಕೊಳ್ಳುವ ಮೊದಲೇ ಓದುಗನು ಬಲ್ಲನು. ಕೊನೆಯಲ್ಲಿ ಕುತೂಹಲಕ್ಕೆ ಎಡೆಯಿಲ್ಲದ ಕಥೆಯಲ್ಲಿ ಆರಂಭದ ಮೇಲೆ ಇಮ್ಮಡಿ ಭಾರ ಬೀಳುವುದು ಸಹಜ. ಆದ್ದರಿಂದಲೇ ಮೊದಲ ವಾಕ್ಯದ ಮೋಹವೂ ಇಲ್ಲಿ ಅಧಿಕ. ಫ್ರಾನ್ಸಿನ್ ರಿವರ್ಸ್ ಅವರು 1991ರಲ್ಲಿ ಪ್ರಕಟಿಸಿದ ‘ರಿಡೀಮಿಂಗ್ ಲವ್’ ಕಾದಂಬರಿಯು, ಹಳೆಯ ಒಡಂಬಡಿಕೆಯ ಹೋಶೇಯ ಪ್ರವಾದಿಯ ದಾಂಪತ್ಯವನ್ನು ಚಿನ್ನದ ಬೇಟೆಯ ಕಾಲದ ಕ್ಯಾಲಿಫೋರ್ನಿಯಕ್ಕೆ ತಂದು ನಿಲ್ಲಿಸಿದ್ದು. ವೇಶ್ಯೆಯೊಬ್ಬಳನ್ನು ಮದುವೆಯಾಗಿ, ಆಕೆ ಬಿಟ್ಟುಹೋದಾಗಲೂ ಕಾಯುವ ಗಂಡನ ಕಥೆ. ಲೇಖಕಿ ಅದನ್ನು ನಾಯಕಿಯ ಬಾಲ್ಯದ ನೋವಿನಿಂದ ತೊಡಗಿಸುತ್ತಾರೆ. ಇಂಥ ಕೃತಿಯಿಂದ ಹಂಚಿಕೊಳ್ಳಲು ತಕ್ಕ ಮಾತುಗಳನ್ನು ಆಯ್ದುಕೊಳ್ಳುವುದು ಕಷ್ಟವಲ್ಲ.

ಕಷ್ಟವಿರುವುದು ಜೆನೆಟ್ ಓಕ್ ಅವರ ವಿಷಯದಲ್ಲಿ. ಕೆನಡಾದ ಈ ಲೇಖಕಿಯ ‘ಲವ್ ಕಮ್ಸ್ ಸಾಫ್ಟ್ಲಿ’ 1979ರಲ್ಲಿ ಬೆಳಕು ಕಂಡಿತು. ಅದರ ಪ್ರಾರಂಭವಾದರೋ ಹವೆಯ ವರದಿಯಂತಿದೆ: ಮುಂಜಾವಿನ ಬಿಸಿಲು ಮುಸುಕುಗಾಡಿಯ ಕ್ಯಾನ್ವಾಸಿನ ಮೇಲೆ ಬಿದ್ದಿದೆ, ಅಕ್ಟೋಬರಿನ ನಡುವಿಗೆ ಒಪ್ಪದಷ್ಟು ಬೆಚ್ಚಗಿನ ದಿನವಾಗಲಿದೆ, ಇಷ್ಟೇ. ಬಿಡಿಸಿ ತೆಗೆದರೆ ಇದರಲ್ಲಿ ಹೊಳಪಿಲ್ಲ. ಆದರೆ ಆ ಗಾಡಿಯೊಳಗೆ ನಿದ್ದೆ ತಿಳಿದೇಳುತ್ತಿರುವವಳು ಮಾರ್ಟಿ. ಗಂಡನು ಸತ್ತಿದ್ದಾನೆಂಬ ಅರಿವು ಎಚ್ಚರದೊಡನೆಯೇ ಆಕೆಗೆ ಮರಳುತ್ತದೆ. ಮಣ್ಣು ಮಾಡಿದ ದಿನವೇ ಅಪರಿಚಿತನಾದ ವಿಧುರನೊಬ್ಬನು, ತನ್ನ ಪುಟ್ಟ ಮಗಳಿಗೆ ತಾಯಿ ಬೇಕೆಂದು, ವಸಂತದಲ್ಲಿ ಬೇಕಾದರೆ ಊರಿಗೆ ಮರಳಲು ದಾರಿಖರ್ಚು ಕೊಡುವೆನೆಂದು ಹೇಳಿ ಮದುವೆಯನ್ನು ಕೇಳುತ್ತಾನೆ. ಇವೆಲ್ಲವನ್ನೂ ಓದಿ ಹಿಂದಿರುಗಿ ನೋಡಿದವನಿಗೆ ಮಾತ್ರ ಆ ಬಿಸಿಲಿನ ನಿರ್ದಯತೆ ಗೋಚರವಾಗುವುದು. ಅದು ವಾಕ್ಯದೊಳಗಿನ ಗುಣವಲ್ಲ, ವಾಕ್ಯಕ್ಕೂ ಕಥೆಗೂ ನಡುವಿನ ಸಂಬಂಧದ ಗುಣ. ಮೊದಲ ಸಾಲನ್ನಷ್ಟೇ ಕೊಯ್ದು ಹಂಚುವವರ ಕೈಗೆ ಅದು ಸಿಕ್ಕದು. ಬರಿಯ ಚಮತ್ಕಾರದ, ಬೆಚ್ಚಿಬೀಳಿಸುವ ಸಾಲುಗಳೇ ಅಲ್ಲಿ ಗೆಲ್ಲುತ್ತವೆ. ಅವುಗಳಲ್ಲಿ ಎಷ್ಟೋ ಸಾಲುಗಳು ಜಾಹೀರಾತಿನ ಪಂಗಡಕ್ಕೆ ಸೇರತಕ್ಕವು.

(ನಮ್ಮ ನಾಡಿನ ಕ್ರೈಸ್ತರ ಕಥನವೂ ಇಲ್ಲದಿಲ್ಲ. ಮಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ‘ರಾಕ್ಣೊ’ದಂಥ ಕೊಂಕಣಿ ವಾರಪತ್ರಿಕೆಗಳು ಕನ್ನಡ ಲಿಪಿಯಲ್ಲಿಯೇ ಧಾರಾವಾಹಿಗಳಿಗೆ ಎಡೆಮಾಡಿಕೊಟ್ಟವು. ವಾರವಾರವೂ ಹೊಸದಾಗಿ ತೊಡಗಬೇಕಾದ ಧಾರಾವಾಹಿಗೆ ಒಂದೇ ಮೊದಲ ವಾಕ್ಯದ ಹಂಗಿಲ್ಲವೆಂಬುದು ಬೇರೆ ಮಾತು.)

ಇನ್ನು ಪಾರಿಜಾತದ ಕಡೆಗೆ ಬರೋಣ. ಅಪರಾಳ ತಮ್ಮಣ್ಣನ ಕೃತಿಗೆ ಆಟದ ರೂಪವನ್ನು ಕೊಟ್ಟು ಜನಪ್ರಿಯಗೊಳಿಸಿದವನು ಕುಲಗೋಡ ತಮ್ಮಣ್ಣ. ಅವನ ಕುಲಗೋಡವೂ, ಸತ್ಯಭಾಮೆಯ ಪಾತ್ರದಿಂದ ಹೆಸರಾದ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಹಿಂದಿನ ಗೋಕಾವಿ ತಾಲೂಕಿನವೇ. ಕಥೆಯೆಂಬುದು ಎಲ್ಲರಿಗೂ ಗೊತ್ತಿದ್ದದ್ದು: ನಾರದನು ತಂದ ಹೂವು ರುಕ್ಮಿಣಿಯ ಮುಡಿಯನ್ನು ಸೇರುತ್ತದೆ, ಭಾಮೆ ಮುನಿಯುತ್ತಾಳೆ, ಕೃಷ್ಣನು ಕೊರವಂಜಿಯ ವೇಷದಲ್ಲಿ ಬರುತ್ತಾನೆ, ಕೊನೆಗೆ ಗರ್ವ ಕರಗುತ್ತದೆ. ಅಂತ್ಯವನ್ನು ಬಲ್ಲ ಜನ ಬೆಳಗಿನವರೆಗೆ ಏಕೆ ಕುಳಿತಿರುತ್ತಾರೆ? ಆರಂಭಗಳನ್ನು ನೋಡಲು ಎಂದೇ ನನ್ನ ಉತ್ತರ. ಗಣಸ್ತುತಿಯಾಗಬೇಕು, ಹಿಮ್ಮೇಳದವರು ಶ್ರುತಿ ಹಿಡಿಯಬೇಕು, ತಾಳ ಕೂಡಬೇಕು; ಆಮೇಲೆ ಬಂದ ಪಾತ್ರವು ಭಾಗವತನ ಪ್ರಶ್ನೆಗೆ ಸಿಕ್ಕಿಕೊಳ್ಳಬೇಕು. ನೀವು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ಆತ ಕೇಳುವನು. ಸಾಕ್ಷಾತ್ ದ್ವಾರಕೆಯ ರಾಣಿಯೂ ಆ ಕೇಳಿಕೆಗೆ ಉತ್ತರ ಕೊಟ್ಟಲ್ಲದೆ ಕಥೆಯೊಳಗೆ ಕಾಲಿಡುವಂತಿಲ್ಲ. ತನ್ನ ಹಿರಿಮೆಯನ್ನು ಭಾಮೆ ತಾನೇ ಬಣ್ಣಿಸಿಕೊಳ್ಳುವಾಗ, ಆ ಹಿರಿಮೆ ಬೆಳಗಾಗುವುದರೊಳಗೆ ಏನಾಗಲಿದೆಯೆಂಬುದನ್ನು ಬಲ್ಲ ಮುದುಕಿಯರು ಕಂಬಳಿಯೊಳಗೇ ನಗುತ್ತಾರೆ. ಓಕ್ ಅವರ ಬಿಸಿಲಿಗೆ ಎರಡನೆಯ ಓದಿನಲ್ಲಿ ದೊರೆಯುವ ಅರ್ಥವು ಭಾಮೆಯ ಮಾತಿಗೆ ಮೊದಲ ಕ್ಷಣದಲ್ಲಿಯೇ ದೊರೆಯುತ್ತದೆ, ಏಕೆಂದರೆ ಇಲ್ಲಿ ಮೊದಲ ಓದೆಂಬುದೇ ಇಲ್ಲ.

ಪ್ರವೇಶದ ಪದವನ್ನು ಮರುದಿನ ಹೊಲದಲ್ಲಿ ಗುನುಗುವವನೂ ಒಂದರ್ಥದಲ್ಲಿ ಆರಂಭವಾಕ್ಯವನ್ನು ಹಂಚುವವನೇ. ಆದರೆ ಆತ ಹಂಚುವುದು ಕೇಳಿದವರೊಡನೆ. ಕೇಳುವವನ ಮನಸ್ಸಿನಲ್ಲಿ ಉಳಿದ ರಾತ್ರಿಯೆಲ್ಲವೂ ಅದರ ಬೆನ್ನಿಗೆ ಬರುತ್ತದೆ. ಓದದವರನ್ನು ಓದಲು ಕರೆಯುವ ಆಮಿಷವಾಗಿ ಸಾಲನ್ನು ಬಳಸುವುದಕ್ಕೂ ಇದಕ್ಕೂ ಇರುವ ಅಂತರ ಸಾಮಾನ್ಯವಾದುದಲ್ಲ.

ಆಮಿಷವೇ ಬೇಕಾದರೆ ಅದಕ್ಕೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಗೋಕಾವಿ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಧರ್ಮದ ಹೆಸರಿನ ಡಾಂಭಿಕತೆಯನ್ನು ಬಯಲಿಗೆಳೆದವರು. ಅವರ ‘ಜರತಾರಿ ಜಗದ್ಗುರು’ ಎಂಬ ಹೆಸರೇ, ಒಳಪುಟವನ್ನು ತೆರೆಯುವ ಮೊದಲೇ, ಮೊದಲ ವಾಕ್ಯವು ಮಾಡತಕ್ಕ ಕೆಲಸವನ್ನೆಲ್ಲ ಮಾಡಿ ಮುಗಿಸುತ್ತದೆ. ಅದೇ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರು, ಆನಂದಕಂದರೆಂದು ನಾಡಿಗೆ ಪರಿಚಿತರಾದವರು, ‘ನಲ್ವಾಡುಗಳು’ ಬರೆದಾಗ ಒಲವಿನ ಮಾತನ್ನು ಯಾವ ಪೀಠಿಕೆಗೂ ಕಾಯಿಸಲಿಲ್ಲ. ಇಬ್ಬರೂ ಬೇರೆ ಬೇರೆ ದಾರಿಯವರು. ತೋರಿಕೆಯ ಮೊದಲ ಸಾಲಿಗೆ ಜೋತುಬಿದ್ದವರಲ್ಲ.

ಕ್ರೈಸ್ತ ಪ್ರಣಯಕಾದಂಬರಿಗಳ ಆರಂಭಗಳನ್ನು ಹಂಚಿಕೊಳ್ಳುವ ರೂಢಿಯು ಓದುಗರನ್ನು ಒಂದೆಡೆ ಕೂಡಿಸುತ್ತದೆಂಬಷ್ಟರ ಮಟ್ಟಿಗೆ ಶ್ಲಾಘ್ಯ, ಕೃತಿಯ ಬೆಲೆ ಕಟ್ಟುವ ಮಟ್ಟಿಗೆ ಅಗ್ರಾಹ್ಯ. ಹಂಚುವವರು ಒಂದು ಸಾಲಿಗೆ ನಿಲ್ಲದೆ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಕೇಳಿಸಲಿ. ಕುಲಗೋಡ ಕೌಜಲಗಿಗಳ ಕಡೆ ಪಾರಿಜಾತದ ಮೇಳ ಬಂದಿದೆಯೆಂದು ಕೇಳಿದವರು ಗಣಸ್ತುತಿಗೆ ಮುನ್ನವೇ ಹೋಗಿ ಕುಳಿತುಕೊಳ್ಳಲಿ.