ಹೊಸ ಮೀನಿನ ಪ್ರವೇಶವಿಧಿ

ಅಂಗಡಿಯಿಂದ ಕೊಂಡುತಂದ ಮೀನನ್ನು ಮನೆಯ ಗಾಜಿನ ತೊಟ್ಟಿಗೆ ಬಿಡುವ ವಿಚಾರದಲ್ಲಿ ನಮ್ಮಲ್ಲಿ ಒಂದು ಆಚಾರ ಬೇರೂರಿ ನಿಂತಿದೆ. ಚೀಲದ ಬಾಯಿ ಬಿಚ್ಚದೆ ಅದನ್ನು ತೊಟ್ಟಿಯ ನೀರಿನ ಮೇಲೆ ತೇಲಬಿಡುವುದು, ಕಾಲು ಗಂಟೆಯೋ ಅರ್ಧ ಗಂಟೆಯೋ ಕಾಯುವುದು, ಅನಂತರ ಗಂಟು ಬಿಚ್ಚಿ ನೀರಿನ ಸಮೇತ ಮೀನನ್ನು ಒಳಗೆ ಸುರಿಯುವುದು. ಮಾರುವವನು ಇದನ್ನೇ ಹೇಳಿ ಕಳುಹಿಸುತ್ತಾನೆ. ಕೊಂಡವನು ಇದನ್ನೇ ಶ್ರದ್ಧೆಯಿಂದ ನಡೆಸುತ್ತಾನೆ. ವಾರ ಕಳೆಯುವುದರೊಳಗೆ ಮೀನು ಸತ್ತು ತೇಲಿದರೆ, ವಿಧಿಯಲ್ಲಿ ಲೋಪವೇನೂ ಆಗಲಿಲ್ಲವಷ್ಟೆ ಎಂದು ಸಮಾಧಾನ ತಂದುಕೊಂಡು ಮತ್ತೊಂದು ಜೊತೆಯನ್ನು ತರಲು ಹೊರಡುತ್ತಾನೆ. ಈ ಆಚಾರ ಅರ್ಥಹೀನವೆಂದು ನಾನು ಹೇಳಲಾರೆ. ಇರುವ ಅಪಾಯಗಳಲ್ಲಿ ಅತ್ಯಲ್ಪವಾದುದನ್ನು ನಿವಾರಿಸಿ, ಮಹತ್ತಾದುದಕ್ಕೆ ಬಾಗಿಲು ತೆರೆದಿಡುತ್ತದೆಂಬುದೇ ಅದರ ಮೇಲಣ ನನ್ನ ಆಕ್ಷೇಪ.

ತೇಲಬಿಡುವುದರಿಂದ ಸಿದ್ಧಿಸುವುದು ಉಷ್ಣತೆಯ ಸಮತ್ವ ಮಾತ್ರ. ಮೀನಿನ ದೇಹದ ಶಾಖವು ಸುತ್ತಣ ನೀರಿನ ಶಾಖವನ್ನೇ ಅನುಸರಿಸುವುದಾದುದರಿಂದ, ಚಳಿಗಾಲದ ಸಂಜೆ ಸ್ಕೂಟರಿನಲ್ಲಿ ತಂದ ತಣ್ಣನೆಯ ಚೀಲದಿಂದ ಹೀಟರ್ ಇಟ್ಟು 26 ಡಿಗ್ರಿಯಲ್ಲಿ ಕಾಪಾಡಿದ ತೊಟ್ಟಿಗೆ ಅದನ್ನು ಒಮ್ಮೆಲೇ ದೂಡುವುದು ಸರಿಯಲ್ಲ. ಇದಕ್ಕೆ ಹದಿನೈದಿಪ್ಪತ್ತು ನಿಮಿಷ ಸಾಕು. ತೊಟ್ಟಿಯ ದೀಪವನ್ನು ಆರಿಸಿಟ್ಟರೆ ಬೆದರಿದ ಜೀವಕ್ಕೆ ಇನ್ನಷ್ಟು ಹಿತ.

ಇನ್ನು ಈಚೆಗೆ ಅನುಭವಸ್ಥರ ನಡುವೆ ಗೌರವ ಪಡೆದಿರುವ ಹನಿವಿಧಾನವನ್ನು ವಿಚಾರಿಸೋಣ. ಮೀನನ್ನು ಚೀಲದ ನೀರಿನೊಡನೆಯೇ ಬಕೆಟ್ಟಿಗೆ ಇಳಿಸಿ, ಸಣ್ಣ ಕೊಳವೆಯ ಮೂಲಕ ತೊಟ್ಟಿಯ ನೀರನ್ನು ಹನಿಹನಿಯಾಗಿ ಅದರೊಳಗೆ ಒಂದು ಗಂಟೆಯವರೆಗೆ ಬೀಳಿಸುವುದು ಇದರ ಕ್ರಮ. ನೀರಿನ ಗುಣ ಎಲ್ಲೆಡೆಯೂ ಒಂದೇ ಅಲ್ಲವೆಂಬ ಸತ್ಯದ ಅರಿವು ಇದಕ್ಕುಂಟೆಂಬುದನ್ನು ಒಪ್ಪಲೇಬೇಕು. ಬೆಂಗಳೂರಿನಲ್ಲಿಯೇ ಒಂದು ಮನೆಗೆ ಕ್ಲೋರಿನ್ ಬೆರೆಸಿದ ಕಾವೇರಿ ನೀರೂ ಪಕ್ಕದ ಬಡಾವಣೆಗೆ ಕೊಳವೆಬಾವಿಯ ಗಡಸು ನೀರೂ ಬರುವುದುಂಟು. ಸಿಹಿನೀರಿನ ಮೀನಿನ ರಕ್ತವು ಹೊರಗಣ ನೀರಿಗಿಂತ ಹೆಚ್ಚು ಲವಣಯುಕ್ತವಾದುದು. ಆದಕಾರಣ ಕಿವಿರುಗಳ ಮೂಲಕ ನೀರು ನಿರಂತರವಾಗಿ ಒಳನುಗ್ಗುತ್ತಿರುತ್ತದೆ, ಮೂತ್ರಪಿಂಡಗಳು ಅದನ್ನು ನಿರಂತರವಾಗಿ ಹೊರಹಾಕುತ್ತಿರುತ್ತವೆ. ಲವಣಾಂಶ ಬದಲಾದಾಗ ಈ ವ್ಯಾಪಾರವೆಲ್ಲ ಹೊಸದಾಗಿ ಹೊಂದಿಕೊಳ್ಳಬೇಕು. ಆದರೆ ಹಾಗೆ ಪೂರ್ಣವಾಗಿ ಹೊಂದಿಕೊಳ್ಳಲು ಹಲವು ದಿನಗಳು ಬೇಕು. ಒಂದು ಗಂಟೆಯ ಹನಿಯು ಆಘಾತವನ್ನು ತಗ್ಗಿಸೀತೇ ಹೊರತು ಒಗ್ಗಿಕೆಯನ್ನು ತಂದುಕೊಡಲಾರದು.

ಇದಕ್ಕಿಂತ ಗುರುತರವಾದ ದೋಷವೊಂದು ಈ ವಿಧಾನದಲ್ಲಿ ಅಡಗಿದೆ. ಬೆಂಗಳೂರಿನ ಅಂಗಡಿಗಳಿಗೆ ಚೆನ್ನೈನ ಕೊಳತ್ತೂರು ಮೊದಲಾದ ಕಡೆಗಳಿಂದ ಬರುವ ಮೀನುಗಳು ರಾತ್ರಿಯೆಲ್ಲ ಮುಚ್ಚಿದ ಚೀಲದಲ್ಲಿ ಪಯಣಿಸುತ್ತವೆ. ಆ ಅವಧಿಯಲ್ಲಿ ಮೀನು ಕಿವಿರಿನಿಂದ ಅಮೋನಿಯಾವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತಲೇ ಇರುತ್ತದೆ. ಎರಡನೆಯದು ನೀರಿನಲ್ಲಿ ಕರಗಿ ಅದನ್ನು ಆಮ್ಲಯುಕ್ತವಾಗಿಸುತ್ತದೆ. ಆಮ್ಲಯುಕ್ತ ನೀರಿನಲ್ಲಿ ಅಮೋನಿಯಾ ಬಹುಮಟ್ಟಿಗೆ ನಿರುಪದ್ರವಿಯಾದ ಅಮೋನಿಯಂ ರೂಪವನ್ನು ತಳೆದಿರುತ್ತದೆ. ಚೀಲವನ್ನು ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡು ಹೊರಹಾರಿ, ನೀರಿನ ಆಮ್ಲ-ಕ್ಷಾರಗುಣದ ಅಳತೆಯಾದ ಪಿ.ಎಚ್. ಏರತೊಡಗುತ್ತದೆ, ಅಮೋನಿಯಂ ಮರಳಿ ವಿಷವಾಗುತ್ತದೆ. 25 ಡಿಗ್ರಿ ಶಾಖದಲ್ಲಿ ಪಿ.ಎಚ್. 7 ಇರುವಾಗ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ವಿಷರೂಪವು, ಪಿ.ಎಚ್. 8 ಆಗುವ ಹೊತ್ತಿಗೆ ನೂರಕ್ಕೆ ಐದು ಪಾಲನ್ನು ದಾಟುತ್ತದೆ. ದೀರ್ಘಪ್ರಯಾಣದಿಂದ ಬಳಲಿದ ಮೀನನ್ನು ಅದೇ ನೀರಿನಲ್ಲಿ ಇನ್ನೂ ಒಂದು ಗಂಟೆ ಇರಿಸಿ, ಮೇಲಿಂದ ಕ್ಷಾರಗುಣದ ತೊಟ್ಟಿನೀರನ್ನು ಹನಿಸುವುದೆಂದರೆ ದಯೆಯ ಹೆಸರಿನಲ್ಲಿ ವಿಷವುಣಿಸಿದಂತೆಯೇ ಸರಿ. ಆದುದರಿಂದ ಹನಿವಿಧಾನವು ಊರೊಳಗಣ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ, ಎರಡು ನೀರುಗಳಿಗೂ ಬಹಳ ಅಂತರವಿದ್ದಾಗ, ಯುಕ್ತ. ದೂರದಿಂದ ಪಾರ್ಸಲ್ಲಿನಲ್ಲಿ ಬಂದ ಮೀನಿಗೆ ಸರ್ವಥಾ ಅಯುಕ್ತ. ಅಂಥದರ ಚೀಲವನ್ನು ಶಾಖ ಸಮನಾಗುವಷ್ಟು ಹೊತ್ತು ತೇಲಿಸಿ, ಬಿಚ್ಚಿದೊಡನೆ ಮೀನನ್ನು ಬಲೆಯಿಂದ ಎತ್ತಿ, ಕ್ಲೋರಿನ್ ಕಳೆದ ಒಳ್ಳೆಯ ನೀರಿಗೆ ಬಿಡಬೇಕು. ಯಾವ ಮೀನೇ ಆಗಲಿ, ಚೀಲದ ನೀರು ಮಾತ್ರ ಬಚ್ಚಲಿಗೇ ಹೋಗಬೇಕು.

ಇಷ್ಟರಿಂದಲೂ ನಿಜವಾದ ಶತ್ರುವು ನಿವಾರಣೆಯಾಗುವುದಿಲ್ಲ. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಕಾಣುವ ಬಿಳಿಚುಕ್ಕೆ ರೋಗವನ್ನು ಮೀನು ಸಾಕಿದವರೆಲ್ಲರೂ ಬಲ್ಲರು. 1876ರಲ್ಲಿ ಫ್ರಾನ್ಸಿನ ಫೂಕೆ ಎಂಬ ವಿದ್ವಾಂಸನು ವರ್ಣಿಸಿದ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿಯು ಇದಕ್ಕೆ ಕಾರಣ. ಅದು ಮೀನಿನ ಚರ್ಮದಡಿ ಸೇರಿ ಬೆಳೆದು, ಬಲಿತ ಮೇಲೆ ಕಳಚಿ ತಳಕ್ಕಿಳಿದು, ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತ ಹೊಸ ಮೀನನ್ನು ಹುಡುಕುತ್ತವೆ. ಔಷಧಿ ತಟ್ಟುವುದು ಈಜುವ ಈ ಅವಸ್ಥೆಯಲ್ಲಿ ಮಾತ್ರ. ಕಿವಿರಿನೊಳಗೆ ಮೊದಲು ನೆಲೆಸಿದ ರೋಗವು ಅಂಗಡಿಯಲ್ಲಿ ಕಣ್ಣಿಗೆ ಬೀಳದು. ಒಂದೇ ಬಲೆಯನ್ನು ಎಲ್ಲ ತೊಟ್ಟಿಗಳಿಗೂ ಅದ್ದುವ ರೂಢಿಯಿರುವಲ್ಲಿ ಅದು ಯಾವ ಮೀನಿಗೆ ಅಂಟಿದೆಯೆಂದು ಹೇಳಬಲ್ಲವರೂ ಇಲ್ಲ. ಎಷ್ಟು ಹೊತ್ತು ತೇಲಿಸಿದರೂ, ಎಷ್ಟು ಹನಿ ಬೀಳಿಸಿದರೂ ಇದಕ್ಕೆ ಪರಿಹಾರವಿಲ್ಲ. ಪರಿಹಾರವಿರುವುದು ಪ್ರತ್ಯೇಕವಾಸದಲ್ಲಿ: ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇರಿಸುವುದರಲ್ಲಿ. 25 ಡಿಗ್ರಿಯ ಆಸುಪಾಸಿನಲ್ಲಿ ಈ ಜೀವಿಯ ಚಕ್ರವು ಸುಮಾರು ಒಂದು ವಾರದೊಳಗೆ ಮುಗಿಯುವುದಾದುದರಿಂದ, ತಿಂಗಳೊಂದರಲ್ಲಿ ಅಡಗಿದ ರೋಗವು ಹೊರಬೀಳದೆ ಇರುವುದು ವಿರಳ. ಮೀನಿನ ದೇಹವು ಮನೆಯ ನೀರಿಗೆ ಒಗ್ಗಲು ಬೇಕಾದ ದಿನಗಳೂ ಇದರಲ್ಲಿಯೇ ಒದಗಿಬರುತ್ತವೆ. ಹನಿವಿಧಾನವು ಬಯಸಿಯೂ ನೀಡಲಾರದುದನ್ನು ಈ ಕಾಯುವಿಕೆಯು ನೀಡುತ್ತದೆ.

ಎರಡನೆಯ ತೊಟ್ಟಿಗೆ ಸ್ಥಳವೆಲ್ಲಿ, ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದುದೇ, ಆದರೆ ಬೇಕಾದುದು ಅಲಂಕಾರದ ತೊಟ್ಟಿಯಲ್ಲ. ಇಪ್ಪತ್ತು ಮೂವತ್ತು ಲೀಟರಿನ ಪ್ಲಾಸ್ಟಿಕ್ ಟಬ್, ಮುಚ್ಚಳ, ಪ್ರತ್ಯೇಕವಾದ ಬಲೆ, ಹಳೆಯ ತೊಟ್ಟಿಯಲ್ಲಿ ಕೆಲವು ವಾರ ಮೊದಲೇ ಇಟ್ಟು ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಬೆಳೆಸಿಕೊಂಡ ಸ್ಪಂಜ್ ಫಿಲ್ಟರ್, ಇಷ್ಟಿದ್ದರೆ ಸಾಕು. ಸ್ಪಂಜನ್ನು ಹೊಸದಾಗಿಯೇ ಹಾಕಿದರೆ ರೋಗಕ್ಕೆ ಮೊದಲೇ ಅಮೋನಿಯಾ ಮೀನನ್ನು ಕೊಲ್ಲುತ್ತದೆಂಬುದನ್ನು ಮರೆಯಬಾರದು.

ಪ್ರವೇಶವಿಧಿಗೂ ಮೊದಲು, ಕೊಳ್ಳುವಾಗಲೇ ವಿಚಾರಿಸಬೇಕಾದುದೂ ಒಂದುಂಟು: ನಮ್ಮ ತೊಟ್ಟಿಗಳಿಗೆ ಬರುವ ಮೀನುಗಳೆಲ್ಲವೂ ಸಾಕಣೆಯವಲ್ಲ. ಮಿಸ್ ಕೇರಳ ಎಂಬ ಹೆಸರಿನಲ್ಲಿ ಮಾರಾಟವಾಗುವ, ಕೆಂಪು ಗೆರೆಯ ಆ ಸುಂದರ ಮೀನು ಪಶ್ಚಿಮಘಟ್ಟದ ಹೊಳೆಗಳದು. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅಂಥದನ್ನು ಕೊಳ್ಳುವವರು, ಅದು ಹೊಳೆಯಿಂದ ಹಿಡಿದುದಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಲಿ. ಉಳಿದವರೂ, ಎರಡನೆಯ ಟಬ್ ಸಿದ್ಧವಾಗುವವರೆಗೆ ಅಂಗಡಿಯ ಮೆಟ್ಟಿಲನ್ನು ಹತ್ತದಿರಲೆಂದು ನನ್ನ ಪ್ರಾರ್ಥನೆ.