612ರಲ್ಲಿ ಭಾವಗೀತೆ

ಭಾವಗೀತೆ ಕೇಳುವುದಕ್ಕೆ ರಾತ್ರಿ ಹತ್ತು ದಾಟಿರಬೇಕು, ರೇಡಿಯೊ ಮಧ್ಯಮ ತರಂಗದ್ದಾಗಿರಬೇಕು. ಇದು ಹಳೆಯದರ ಮೇಲಿನ ವ್ಯಾಮೋಹದ ಮಾತಲ್ಲ. ಮಧ್ಯಮ ತರಂಗದಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ನಡುವೆ ಇರುವುದು 9 ಕಿಲೊಹರ್ಟ್ಸ್ ಜಾಗ. ಅಷ್ಟರೊಳಗೆ ಹಾಡು ಹೊಂದಿಕೊಳ್ಳಬೇಕಾದ್ದರಿಂದ ಸುಮಾರು ನಾಲ್ಕೂವರೆ ಕಿಲೊಹರ್ಟ್ಸ್‌ಗಿಂತ ಮೇಲಿನ ದನಿಯೆಲ್ಲ ಕತ್ತರಿಸಿಹೋಗುತ್ತದೆ. ತಾಳದ ಕಿಣಿಕಿಣಿ, ಗಿಟಾರಿನ ತಂತಿಯ ಮಿಂಚು ಮಂಕಾಗುತ್ತವೆ. ಉಳಿಯುವುದು ಮನುಷ್ಯನ ಕಂಠ. ಎಫ್‌ಎಂನಲ್ಲಿ ವಾದ್ಯಗಳ ನಡುವೆ ಒಬ್ಬನಾಗಿ ನಿಲ್ಲುವ ಗಾಯಕ ಇಲ್ಲಿ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಾನೆ. ಕವಿತೆಯ ಮಾತು ಕೇಳಿಸಬೇಕಾದ ಹಾಡಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಪಿ. ಕಾಳಿಂಗರಾಯರನ್ನು ಎರಡು ಬಗೆಯಲ್ಲಿ ಕೇಳಿ ನೋಡಿ. ಸ್ವಚ್ಛಗೊಳಿಸಿದ ಡಿಜಿಟಲ್ ಪ್ರತಿಯಲ್ಲಿ ಹಳೆಯ ಧ್ವನಿಮುದ್ರಣದ ಸೊರಗು ಎದ್ದು ಕಾಣುತ್ತದೆ, ಮೋಹನಕುಮಾರಿ, ಸೋಹನಕುಮಾರಿಯರ ಜೊತೆದನಿ ತೆಳುವಾಗುತ್ತದೆ. ಮಧ್ಯಮ ತರಂಗದ ಪೆಟ್ಟಿಗೆಯಲ್ಲಿ ಅದೇ ಹಾಡು ತುಂಬಿ ಬರುತ್ತದೆ. ಸಿ. ಅಶ್ವಥ್ ಅವರ ಒರಟು ಏರುಕಂಠಕ್ಕೂ ಈ ಮಾತು ಸಲ್ಲುತ್ತದೆ. ಅಶ್ವಥ್ ಐಟಿಐ ಕಾರ್ಖಾನೆಯ ನೌಕರರಾಗಿದ್ದವರು. ಅವರ ಹಾಡಿಗೆ ಕಿವಿ ಕೊಟ್ಟವರಲ್ಲೂ ಕಾರ್ಖಾನೆಯವರು ಬಹಳ. ಬಿನ್ನಿ ಮಿಲ್ಲು, ಕಿರ್ಲೋಸ್ಕರ್, ಆಮೇಲೆ ಪೀಣ್ಯ, ಹೀಗೆ ಪಶ್ಚಿಮ ಬೆಂಗಳೂರನ್ನು ಕಟ್ಟಿದ್ದೇ ಪಾಳಿ ದುಡಿಮೆ. ಸೆಕೆಂಡ್ ಶಿಫ್ಟ್ ಮುಗಿಸಿ ರಾಜಾಜಿನಗರದ ವಠಾರಕ್ಕೆ ಸೈಕಲ್ಲಿನಲ್ಲಿ ಬಂದವನಿಗೆ ಮಕ್ಕಳು ಏಳದಷ್ಟು ಸಣ್ಣ ದನಿಯಲ್ಲಿ ಸಿಗುತ್ತಿದ್ದ ಸಂಗೀತವೆಂದರೆ ರೇಡಿಯೊದ್ದೇ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ ಮರುವರ್ಷ ಜರ್ಮೇನಿಯಂ ಬಿಡಿಭಾಗಗಳನ್ನೂ ತಯಾರಿಸತೊಡಗಿತು. ಊರಿನ ದುಡಿಮೆಯೂ ಊರಿನ ಕೇಳ್ಮೆಯೂ ಒಂದೇ ಸರಕಿನಿಂದ ಹುಟ್ಟಿದ ಕಾಲ ಅದು.

ಆಕಾಶವಾಣಿ ಬೆಂಗಳೂರು ಕೇಂದ್ರ ಶುರುವಾದದ್ದು 1955ರ ನವೆಂಬರ್ 2ರಂದು. ಅದಕ್ಕೂ ಮೊದಲೇ, ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾಗಿ ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ಹೊರಗಿಟ್ಟಿದ್ದರು. ಜನ ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಕೇಸ್ಕರ್ ನೀತಿಯನ್ನು ಬೈಯುವವರು ಅದರ ಇನ್ನೊಂದು ಫಲವನ್ನು ಮರೆಯುತ್ತಾರೆ. ಸಿನಿಮಾ ಹಾಡಿಗೆ ಬದಲು ಏನಾದರೂ ಬೇಕಲ್ಲ ಎಂದು 1953ರಿಂದ ಆಕಾಶವಾಣಿ ಸುಗಮ ಸಂಗೀತದ ಘಟಕಗಳನ್ನು ಕಟ್ಟಿತು. ಕನ್ನಡದಲ್ಲಿ ಆ ಜಾಗಕ್ಕೆ ಹೇಳಿ ಮಾಡಿಸಿದಂತೆ ನವೋದಯದ ಕವಿತೆಗಳು ಕಾದಿದ್ದವು. ಪದ್ಮಚರಣ್, ಎಚ್.ಕೆ. ನಾರಾಯಣರಂಥವರು ಆಕಾಶವಾಣಿಯಲ್ಲಿ ಕೂತು ಕವಿತೆಗೆ ರಾಗ ಹಾಕುವುದನ್ನೇ ಕಸುಬು ಮಾಡಿಕೊಂಡರು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧವಿತ್ತು. ಹಾಗಾಗಿ ಹಾಡಿನ ಬೆನ್ನಿಗೆ ಕೊಳಲು, ಪಿಟೀಲು, ಸಿತಾರು ಬಂದವು. ಆ ತಲೆಮಾರಿನ ಮುದ್ರಣಗಳಲ್ಲಿ ಸಾಲು ಸಾಲಿನ ನಡುವೆ ಗಾಳಿಯಾಡುತ್ತದೆ. ಆಮೇಲಿನ ಕ್ಯಾಸೆಟ್ ಯುಗ, 1978ರ ‘ನಿತ್ಯೋತ್ಸವ’ದ ಯಶಸ್ಸು ಎಲ್ಲರಿಗೂ ಗೊತ್ತು. ಮೈಸೂರು ಅನಂತಸ್ವಾಮಿ ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿದರು. ಆದರೆ ಮನೆಗೆ ಕ್ಯಾಸೆಟ್ ಬಂದ ಮೇಲೆ ಹಾಡು ತಾನಾಗಿ ಬರುವುದನ್ನು ಕಾಯುವ ಅಭ್ಯಾಸ ತಪ್ಪಿತು.

ಕಾಯುವುದರಲ್ಲಿ ಇನ್ನೊಂದು ಸುಖವಿತ್ತು: ಉದ್ಘೋಷಕರ ನಾಲ್ಕು ಮಾತು. ಹಾಡಿಗೆ ಮುನ್ನ ಕವಿಯ ಹೆಸರು, ಆಮೇಲೆ ರಾಗ ಸಂಯೋಜಿಸಿದವರು, ಹಾಡುವವರು. ಅರೆಕ್ಷಣದ ಬಿಡುವು. ಅಷ್ಟರಲ್ಲಿ ಕೇಳುಗ ಬೇಂದ್ರೆಗೋ ಕೆ.ಎಸ್.ನ. ಅವರಿಗೋ ಮನಸ್ಸನ್ನು ಸಜ್ಜು ಮಾಡಿಕೊಳ್ಳುತ್ತಿದ್ದ. ಇವತ್ತು ಫೋನಿನ ಆ್ಯಪ್‌ಗಳಲ್ಲಿ ಎಷ್ಟೋ ಭಾವಗೀತೆಗೆ ಗಾಯಕರ ಹೆಸರು ಮಾತ್ರ ಇದೆ, ಬರೆದವರು ಕಾಣೆ. ಕವಿತೆಯಿಂದಲೇ ಬದುಕಿರುವ ಹಾಡಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ವಿವಿಧ ಭಾರತಿಯ ಹಿಂದಿ ಕಾರ್ಯಕ್ರಮ ‘ಛಾಯಾಗೀತ್’ ಇಂದಿಗೂ ರಾತ್ರಿ ಹತ್ತಕ್ಕೆ ಬರುತ್ತದೆ. ಉದ್ಘೋಷಕರೇ ಮಾತು ಬರೆದು, ಒಂದೇ ಭಾವದ ಹಾಡುಗಳನ್ನು ಪೋಣಿಸುತ್ತಾರೆ. ಹಿಂದಿಗೆ ದಕ್ಕಿದ ಆ ಭಾಗ್ಯ ಕನ್ನಡಕ್ಕೂ ಬೇಕು.

ರಾತ್ರಿಯೇ ಏಕೆ ಎಂಬುದಕ್ಕೆ ಆಕಾಶದಲ್ಲೇ ಉತ್ತರವಿದೆ. ಹಗಲು ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನಿಂದ ಉಂಟಾಗುವ ಪದರವೊಂದು ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ. ಹೊತ್ತು ಮುಳುಗಿದ ಮೇಲೆ ಅದು ಕರಗಿ, ಅದರ ಮೇಲಿನ ಪದರಗಳು ತರಂಗಗಳನ್ನು ನೆಲಕ್ಕೆ ಮರಳಿಸುತ್ತವೆ. ಆಗ 612 ಕಿಲೊಹರ್ಟ್ಸ್‌ನ ಬೆಂಗಳೂರು ಕೇಂದ್ರದ ಜೊತೆಗೆ 765ರ ಧಾರವಾಡ, 720ರ ಚೆನ್ನೈ ಕೂಡ ವಿಜಯನಗರದ ಮನೆಯೊಳಗೆ ಬರುತ್ತವೆ. ಧಾರವಾಡದ ಹಾಡು ಒಮ್ಮೆ ಉಬ್ಬಿ ಒಮ್ಮೆ ತಗ್ಗುತ್ತದೆ. ಆ ಏರಿಳಿತವನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಊರೂರಿಗೆ ಹರಡಿದ್ದರಲ್ಲೂ ಈ ಇರುಳಿನ ಆಕಾಶದ ಪಾಲಿದೆ. ನ್ಯಾಶ್‌ವಿಲ್‌ನ ಡಬ್ಲ್ಯುಎಲ್‌ಎಸಿ ಕೇಂದ್ರ 1510 ಕಿಲೊಹರ್ಟ್ಸ್‌ನಲ್ಲಿ, 50,000 ವಾಟ್ ಬಲದಲ್ಲಿ ಪ್ರಸಾರ ಮಾಡುತ್ತಿತ್ತು. ‘ಜಾನ್ ಆರ್’ ಎಂದೇ ಹೆಸರಾದ ಜಾನ್ ರಿಚ್‌ಬರ್ಗ್ 1973ರವರೆಗೆ ರಾತ್ರಿಗಳಲ್ಲಿ ಅಲ್ಲಿ ತಟ್ಟೆ ಹಾಕುತ್ತಿದ್ದರು. ಬಿಳಿಯರಾದ ಅವರನ್ನು ದನಿ ಕೇಳಿ ಕಪ್ಪು ಮನುಷ್ಯನೆಂದೇ ತಿಳಿದವರು ಬಹಳ ಮಂದಿ. ಸೋಲ್ ಆಗಲಿ ಭಾವಗೀತೆಯಾಗಲಿ, ಒಂಟಿ ಕಂಠವೊಂದು ಒಬ್ಬನಿಗೇ ಹೇಳುತ್ತಿರುವಂತೆ ಕೇಳಬೇಕಾದ ಸಂಗೀತ.

ಈಗ ಕೇಳುವುದು ಹೇಗೆ? ರಾಜಾಜಿನಗರ, ಬಸವೇಶ್ವರನಗರದಲ್ಲಿ ಕಷ್ಟ. ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರು ಎಲ್ಲವೂ ಈ ತರಂಗದ ಮೇಲೆ ಗೊರಗೊರ ಸದ್ದು ಸುರಿಯುತ್ತವೆ. ಕರೆಂಟು ಹೋದಾಗ ಬ್ಯಾಟರಿ ರೇಡಿಯೊ ಹಾಕಿದವರಿಗೆ ವ್ಯತ್ಯಾಸ ತಿಳಿದೀತು. ಕೆಂಗೇರಿ ದಾಟಿ ಮನೆಗಳು ವಿರಳವಾದ ಕಡೆ ಸದ್ದು ಇಳಿಯುತ್ತದೆ. ಸೆಟ್ಟನ್ನು ಗೋಡೆಯಿಂದ ಕಿಟಕಿಯ ಬಳಿಗೆ ತನ್ನಿ, ಮೆಲ್ಲಗೆ ತಿರುಗಿಸಿ. ಒಳಗಿನ ಫೆರೈಟ್ ಕಡ್ಡಿಯ ತುದಿ ಕೇಂದ್ರದ ಕಡೆಗಿದ್ದರೆ ದನಿ ಕುಗ್ಗುತ್ತದೆ, ಅಡ್ಡಲಾದರೆ ಹಿಗ್ಗುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ ಕಡ್ಡಿ ಉದ್ದಕ್ಕೆ ಮಲಗಿರುವುದರಿಂದ, ಧಾರವಾಡ ಬೇಕಿದ್ದರೆ ಮುಖವನ್ನೋ ಬೆನ್ನನ್ನೋ ವಾಯವ್ಯಕ್ಕೆ ಮಾಡಿ. ಮೊಬೈಲಿನಲ್ಲಿ ಮಧ್ಯಮ ತರಂಗವಿಲ್ಲ, ಬೇರೆ ಸೆಟ್ಟೇ ಬೇಕು.

ಆಕಾಶವಾಣಿಯವರಲ್ಲಿ ಒಂದು ಕೋರಿಕೆ. ಶಾಸ್ತ್ರೀಯ ಸಂಗೀತಕ್ಕೆ 2016ರ ಜನವರಿ 26ರಂದು ಬೆಂಗಳೂರಿನಿಂದಲೇ ‘ರಾಗಂ’ ವಾಹಿನಿ ಹೊರಟಿತು. ಭಾವಗೀತೆಗೆ ಇಡೀ ವಾಹಿನಿ ಬೇಡ. ವಾರಕ್ಕೊಂದು ರಾತ್ರಿ, ಹತ್ತರ ನಂತರ, 612ರಲ್ಲಿ ಅರ್ಧ ಗಂಟೆ ಕೊಡಿ. ಭಂಡಾರದಲ್ಲಿರುವ ಪದ್ಮಚರಣ್, ನಾರಾಯಣ, ಎಚ್.ಆರ್. ಲೀಲಾವತಿ, ಶಿವಮೊಗ್ಗ ಸುಬ್ಬಣ್ಣನವರ ಮುದ್ರಣಗಳನ್ನು ಹೊರತೆಗೆಯಿರಿ. ಫೋನ್ ಸಂದರ್ಶನ ಬೇಡ, ಕೋರಿಕೆಯ ಪಟ್ಟಿ ಬೇಡ, ಹಾಡಿನ ಬಾಲ ಕತ್ತರಿಸಿ ಜಾಹೀರಾತು ಹಾಕುವುದು ಬೇಡವೇ ಬೇಡ. ಐದು ಹಾಡು ಸಾಕು, ಪ್ರತಿಯೊಂದಕ್ಕೂ ಮೊದಲು ಕವಿಯ ಹೆಸರು ಹೇಳಿ.