ಬಟನ್ ಟಯರ್ ಹಾಕಿಬಿಟ್ರೆ ಸಾಕಾ?

ಯೂಟ್ಯೂಬಿನಲ್ಲಿ ಈಗ ಒಂದು ಜಾತಿಯ ವಿಡಿಯೋಗಳಿವೆ. ಎಂಟು ನಿಮಿಷದ್ದು. ಶುರುವಿನಲ್ಲಿ ತೆಳ್ಳನೆ ಟಯರಿನ ರೋಡ್ ಬೈಕೊಂದು ಗೋಡೆಗೆ ಒರಗಿ ನಿಂತಿರುತ್ತೆ. ಮೂರನೇ ನಿಮಿಷಕ್ಕೆ ಹಳೇ ಟಯರ್ ಬಿಚ್ಚಿ ಅಗಲದ ಬಟನ್ ಟಯರ್ ಹಾಕ್ತಾರೆ. ಕೊನೆಗೆ ಅದೇ ಬೈಕು ಕಾಡುದಾರಿಯಲ್ಲಿ ಧೂಳೆಬ್ಬಿಸ್ತಾ ಹೋಗುತ್ತೆ, ಹಿಂದೆ ಗಿಟಾರು. ಹೇಳೋದು ಇಷ್ಟೇ: ಲಕ್ಷ ರೂಪಾಯಿ ಕೊಟ್ಟು ಗ್ರಾವೆಲ್ ಬೈಕ್ ಯಾಕೆ, ಏಳೆಂಟು ಸಾವಿರದಲ್ಲಿ ಕೆಲಸ ಮುಗಿಸಿ. ಇಂಥವನ್ನು ನಾನು ಹದಿನೈದಾದರೂ ನೋಡಿದ್ದೇನೆ. ನೋಡಿ, ನಂಬಿ, ಮಾಡಿ, ಬಿದ್ದಿದ್ದೇನೆ. ಹಾಗಾಗಿ ಮುಂದಿನ ಮಾತುಗಳಲ್ಲಿ ಸ್ವಲ್ಪ ಸಿಟ್ಟು ಕಂಡರೆ ಸಹಿಸಿಕೊಳ್ಳಿ.

ಅವರು ಸರಿ ಹೇಳ್ತಿರೋದನ್ನ ಮೊದಲು ಒಪ್ಪಿಕೊಂಡುಬಿಡೋಣ. ಅಗಲದ ಟಯರ್ ಒಳ್ಳೇದು. ತುಂಬಾ ವರ್ಷ ಎಲ್ಲರೂ 23 ಮಿ.ಮೀ. ಟಯರಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸಿ, ಕೈ ಜುಂ ಅನ್ನೋದನ್ನೇ ಸ್ಪೀಡು ಅಂದುಕೊಂಡಿದ್ವಿ. ಯಾನ್ ಹೈನೆ ಅವರ 'ಬೈಸಿಕಲ್ ಕ್ವಾರ್ಟರ್ಲಿ' ಪತ್ರಿಕೆಯವರು ಒರಟು ರಸ್ತೆಯ ಮೇಲೆ ಅಳತೆ ಮಾಡಿ ತೋರಿಸಿದ್ದು ಇದನ್ನೇ: ಆ ನಡುಕದಲ್ಲಿ ನಿಮ್ಮ ಮೈ ಕುಲುಕುತ್ತಲ್ಲ, ಆ ಕುಲುಕಾಟಕ್ಕೆ ಖರ್ಚಾಗೋದು ನಿಮ್ಮ ಕಾಲಿನ ಶಕ್ತಿಯೇ. ಪ್ಯಾರಿಸ್–ರೂಬೆ ರೇಸ್ 1896ರಿಂದ ನಡೀತಿದೆ. ಅದರಲ್ಲಿ ಐವತ್ತು ಕಿಲೋಮೀಟರಿಗೂ ಜಾಸ್ತಿ ಹಳೇ ಕಲ್ಲುಹಾಸಿನ ದಾರಿ. ಅಲ್ಲಿಗೆ ಇವತ್ತಿನ ವೃತ್ತಿಪರರು 30, 32 ಮಿ.ಮೀ. ಹಾಕಿಕೊಂಡು ಬರ್ತಾರೆ. 25 ಹಾಕಿಕೊಂಡು ನಮ್ಮ ಔಟರ್ ರಿಂಗ್ ರೋಡಿನ ಸರ್ವಿಸ್ ರಸ್ತೆಯಲ್ಲಿ ಹೋಗೋದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ.

ಆದರೆ ರೂಬೆಯ ಆ ಟಯರುಗಳನ್ನು ಹತ್ತಿರದಿಂದ ನೋಡಿ. ಅಗಲ ಇದೆ, ಬಟನ್ ಇಲ್ಲ. ನುಣ್ಣಗಿವೆ.

ನನ್ನ ತಕರಾರು ಇಲ್ಲೇ. ಅಗಲ ಬೇರೆ, ಬಟನ್ ಬೇರೆ. ಸವಾರನಿಗೆ ಸುಖ ಕೊಡೋದು ಅಗಲ, ಅಂದರೆ ಒಳಗಿರೋ ಗಾಳಿ. ಬಟನ್ ಕೆಲಸಕ್ಕೆ ಬರೋದು ಚಕ್ರ ನೆಲದೊಳಕ್ಕೆ ಸ್ವಲ್ಪ ಇಳಿಯೋ ಕಡೆ: ಸಡಿಲ ಜಲ್ಲಿಯ ತಿರುವು, ಒದ್ದೆ ಹುಲ್ಲು, ಮೆತ್ತನೆ ಮಣ್ಣು. ಡಾಂಬರಿನೊಳಕ್ಕೆ ಯಾವ ಬಟನ್ನೂ ಇಳಿಯಲ್ಲ. ಅಲ್ಲಿ ನೆಲಕ್ಕೆ ತಾಗೋ ರಬ್ಬರು ಕಮ್ಮಿಯಾಗುತ್ತೆ, ತಿರುವಿನಲ್ಲಿ ಬಟನ್ ಬಾಗಿ ಬೈಕು ಒಂಥರಾ ತೂರಾಡುತ್ತೆ, ಮಳೆ ಬಂದ ರಸ್ತೆಯಲ್ಲಿ ಹಿಡಿತ ಹೆಚ್ಚೋದಿರಲಿ, ಇದ್ದದ್ದೂ ಹೋಗುತ್ತೆ. ಜೊತೆಗೆ ಜೇನುಗೂಡಿಗೆ ಕೈ ಹಾಕಿದ ಹಾಗೆ ಗುಂಯ್ ಅಂತ ಸದ್ದು. ನಮ್ಮಂಥವರ ಸವಾರಿಯಲ್ಲಿ ನೂರಕ್ಕೆ ತೊಂಬತ್ತು ಭಾಗ ಡಾಂಬರೇ. ಮಾಲ್‌ನ ಬೇಸ್‌ಮೆಂಟ್ ಬಿಟ್ಟು ಬೇರೆಲ್ಲೂ ಇಳಿಯದ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ನೋಡಿ ನಗ್ತೀವಲ್ಲ, ನಮ್ಮ ಟಯರೂ ಅದೇ ಕತೆ.

ಇದಾದರೂ ಹೋಗಲಿ, ಸುಸ್ತು ಮತ್ತು ಸದ್ದಿನ ವಿಷಯ. ವಿಡಿಯೋದವರು ಕತ್ತರಿಸಿ ಎಸೆಯೋ ಒಂದು ಭಾಗ ಇದೆ, ಅದು ಹಲ್ಲು ಮುರಿಯೋ ವಿಷಯ. ಜಾಗ.

ಟಯರ್ ಅಗಲವಾದರೆ ಪಕ್ಕಕ್ಕಷ್ಟೇ ಅಲ್ಲ, ಮೇಲಕ್ಕೂ ಬೆಳೆಯುತ್ತೆ. 25ರಿಂದ 32ಕ್ಕೆ ಹೋದರೆ ಫೋರ್ಕಿನ ನೆತ್ತಿಯ ಕಡೆಗೆ ಸುಮಾರು ಏಳು ಮಿ.ಮೀ. ಏರುತ್ತೆ. ಮೇಲೆ ಬಟನ್ನಿನ ಎತ್ತರ ಬೇರೆ. ಟಯರಿನ ಮೇಲೆ ಬರೆದಿರೋ 32 ಅನ್ನೋದೂ ಹೇಳಿಕೆ ಮಾತ್ರ. ರಿಮ್ ಅಗಲವಾಗಿದ್ದರೆ ಅದೇ ಟಯರ್ 34ಕ್ಕೆ ಉಬ್ಬಬಹುದು. ಇತ್ತ ರಿಮ್ ಹಿಡಿಯೋ ಬ್ರೇಕಿನ ರೋಡ್ ಬೈಕುಗಳಿಗೆ ಶಿಮಾನೋ 105, ಆರ್7000 ಸರಣಿಯ ಕ್ಯಾಲಿಪರ್‌ಗೆ, ಕಂಪನಿಯೇ ಹಾಕಿಕೊಟ್ಟ ಗೆರೆ 28. ಡಿಸ್ಕ್ ಬ್ರೇಕಿನ ಹೊಸ ಬೈಕುಗಳ ಕತೆ ಬೇರೆ. ಕೆಲವು 38ನ್ನೂ ಆರಾಮಾಗಿ ಒಳಗೆ ಬಿಟ್ಟುಕೊಳ್ತವೆ. ನಿಮ್ಮದು ಅಂಥದ್ದಾದರೆ ಈ ಪುಟ ತಿರುವಿ ಮುಂದೆ ಹೋಗಿ.

ನನ್ನದು ಅಂಥದ್ದಲ್ಲ. ಕಾರ್ಬನ್ ಫೋರ್ಕ್, ರಿಮ್ ಬ್ರೇಕ್, ಆರು ವರ್ಷ ಹಳೇದು. ಅಂಗಡಿಯ ಹುಡುಗ ಬ್ರೇಕ್ ಪೂರ್ತಿ ಬಿಚ್ಚಿ, 32ರ ಟಯರ್ ಒತ್ತಿ ಕೂರಿಸಿ, ಚಕ್ರ ಒಂದು ಸುತ್ತು ತಿರುಗಿಸಿ ತೋರಿಸಿದ. 'ತಾಗ್ತಿಲ್ಲ ಸಾರ್, ಆರಾಮಾಗಿ ಓಡಿಸಿ.' ತಾಗ್ತಿರಲಿಲ್ಲ ನಿಜ. ಮೇಲೆ ಎರಡು ಮಿ.ಮೀ. ಇತ್ತು. ಎರಡು ವಾರ ಹೆಸರಘಟ್ಟದ ಹಿಂದಿನ ಒಣ ಮಣ್ಣಿನ ದಾರಿಗಳಲ್ಲಿ ಓಡಿಸಿದೆ. ಸುಳ್ಳು ಯಾಕೆ ಹೇಳಲಿ, ಮಜಾ ಬಂತು. ಕಮೆಂಟಿನಲ್ಲಿ ಹೃದಯದ ಚಿತ್ರ ಕೂಡ ಹಾಕಿ ಬಂದೆ.

ಅಕ್ಟೋಬರಿನಲ್ಲಿ ಬೈಕು ಊರಿಗೆ ತಗೊಂಡು ಹೋದೆ. ನಮ್ಮೂರು ನವಲಗುಂದದ ಹತ್ತಿರ. ಎರೆ ಭೂಮಿ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು, ಬೆಳಿಗ್ಗೆ ಬಿಸಿಲು. ಎರೆ ಮಣ್ಣು ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ: ಅದು ಕೆಸರಲ್ಲ, ಅಂಟು. ಒಂದು ಸುತ್ತಿಗೆ ಒಂದು ಪದರ. ಬಂಡಿ ದಾರಿಯಲ್ಲಿ ಐವತ್ತು ಮೀಟರ್ ಹೋಗಿರಲಿಲ್ಲ, ಎರಡು ಮಿ.ಮೀ. ಜಾಗ ತುಂಬಿತು. ಬಟನ್‌ಗಳ ನಡುವಿನ ಸಂದಿ ಮಣ್ಣನ್ನು ಎತ್ತಿ ಎತ್ತಿ ಫೋರ್ಕಿಗೆ ತುರುಕಿತು. ಮುಂದಿನ ಚಕ್ರ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಮೆತ್ತಗಿನ ನೆಲ, ಸ್ಪೀಡು ಕಮ್ಮಿ, ಮಣಿಕಟ್ಟು ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇದೇ ಎರಡು ಮಿ.ಮೀ. ಜಾಗಕ್ಕೆ ನಂದಿಯ ಇಳಿಜಾರಿನಲ್ಲಿ ಒಂದು ಸಣ್ಣ ಜಲ್ಲಿ ಸಿಕ್ಕಿಕೊಂಡಿದ್ದರೆ? ನಲವತ್ತು ಕಿಲೋಮೀಟರ್ ವೇಗದಲ್ಲಿ? ತೊಳೆದ ಮೇಲೆ ನೋಡಿದರೆ ಫೋರ್ಕಿನ ಒಳಮೈಯಲ್ಲಿ ಬಣ್ಣ ಹೋಗಿ ಕಾರ್ಬನ್ನಿನ ನೂಲು ಕಾಣ್ತಿತ್ತು. ಮಣ್ಣಿನಲ್ಲಿದ್ದ ಹರಳು ಉಪ್ಪುಕಾಗದದ ಹಾಗೆ ಉಜ್ಜಿತ್ತು. ಟಯರಿನಲ್ಲಿ ಉಳಿಸಿದ್ದಕ್ಕಿಂತ ಹೊಸ ಫೋರ್ಕಿಗೆ ಜಾಸ್ತಿ ಬಿತ್ತು.

ಬೈಕನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ ನನ್ನನ್ನು ನೋಡಿ ಕಾಕಾ ಹೇಳಿದ್ದು ಇಷ್ಟು: 'ಎರಿಯಾಗ ಸೈಕಲ್ ಹೊಡಿತಾರೇನೋ ತಮ್ಮಾ? ಗಾಲಿ ತಿರುಗಾಕ ಜಾಗಾನ ಇಲ್ಲಲ್ಲೋ ಇದರಾಗ.' ಅಂಗಡಿ, ವಿಡಿಯೋ, ನಾನು, ಯಾರೂ ಹೇಳದ ಮಾತು.

ಹಾಗಂತ ರೋಡ್ ಬೈಕು ಮಣ್ಣಿಗೆ ಇಳಿಯಲೇಬಾರದು ಅಂತ ಅಲ್ಲ. 'ದಿ ಬೈಸಿಕಲ್ ವೀಲ್' ಬರೆದ ಜಾಬ್ಸ್ಟ್ ಬ್ರ್ಯಾಂಟ್ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಝ್ ಬೆಟ್ಟಗಳ ಮಣ್ಣುದಾರಿಗಳಲ್ಲಿ ದಶಕಗಟ್ಟಲೆ ಸಾಧಾರಣ ರೋಡ್ ಟಯರಿನಲ್ಲೇ ಓಡಾಡಿದವರು. ಅವೋಸೆಟ್ ಕಂಪನಿಯ ನುಣುಪು ಟಯರುಗಳ ಹಿಂದೆ ಇದ್ದವರೂ ಅವರೇ. ನೆಲ ನೋಡಿ ದಾರಿ ಆರಿಸೋ ಕಣ್ಣು ಬೇಕು, ಅಷ್ಟೇ. ಆ ಕಣ್ಣು ಪಾರ್ಸೆಲ್‌ನಲ್ಲಿ ಬರಲ್ಲ ಅನ್ನೋದು ವ್ಯಾಪಾರಕ್ಕೆ ತೊಂದರೆ.

ನಿಮಗೂ ಆಸೆ ಇದ್ದರೆ ಮನೆಯಲ್ಲಿರೋ 4 ಮಿ.ಮೀ. ಅಲೆನ್ ಕೀ ತಗೊಳ್ಳಿ. ಟಯರಿಗೆ ಪೂರ್ತಿ ಗಾಳಿ ತುಂಬಿಸಿ, ಫೋರ್ಕಿನ ನೆತ್ತಿ, ಬ್ರೇಕಿನ ಕೆಳಗೆ, ಹಿಂದೆ ಚೈನ್ ಪಕ್ಕದ ಎರಡೂ ಕಡೆ ತೂರಿಸಿ ನೋಡಿ. ಎಲ್ಲೇ ಸಿಕ್ಕಿಕೊಂಡರೂ ಆ ಟಯರ್ ವಾಪಸ್ ಕೊಡಿ. ಕೆಸರಿನ ದಾರಿಗೆ 4 ಕೂಡ ಕಮ್ಮಿ. ಆಮೇಲೆ ಕ್ಯಾಡೆನ್ಸ್, ಸ್ಟ್ರಾವಾ ಅಂತ ತಲೆ ಕೆಡಿಸಿಕೊಳ್ಳೋರಿಗೆ ಒಂದು ಮಾತು: ಸುತ್ತಳತೆ 2105ರಿಂದ 2155 ಮಿ.ಮೀ.ಗೆ ಹೋಗುತ್ತೆ. ಚಕ್ರದ ಸುತ್ತು ಎಣಿಸೋ ಮೀಟರಿನಲ್ಲಿ ಅದನ್ನು ಬದಲಾಯಿಸಿ, ಇಲ್ಲಾಂದ್ರೆ ಅದು ಸುಳ್ಳು ಹೇಳುತ್ತೆ.

ನಾನೀಗ 28ರ ನುಣ್ಣನೆ ಟಯರಿಗೆ ಬಂದಿದ್ದೇನೆ. ಹೆಸರಘಟ್ಟಕ್ಕೆ ಅದೇ ಸಾಕಾಗಿದೆ.

ಆವತ್ತು ಮಧ್ಯಾಹ್ನ ಕಾಕಾನ ಸೈಕಲ್ಲಿನ ಟಯರಿಗೂ ವರ್ನಿಯರ್ ಹಿಡಿದು ನೋಡಿದ್ದೆ. 28 ಇಂಟು ಒಂದೂವರೆ ಇಂಚಿನದು, ಅಳತೆಗೆ 38 ಮಿ.ಮೀ. ಬಂತು. ಬಟನ್ ಇಲ್ಲ, ಮೇಲೆ ಸಣ್ಣ ಗೀರುಗಳಷ್ಟೇ. ಗ್ರಾವೆಲ್ ಬೈಕಿನ ಕಂಪನಿಗಳು ಹೊಸ ಶೋಧ ಅನ್ನೋ ಹಾಗೆ ಜಾಹೀರಾತು ಕೊಡೋ ಅಗಲ ಹೆಚ್ಚುಕಮ್ಮಿ ಇದೇ. ರಿಮ್ಮಿನ ಅಳತೆ ಬೇರೆ, 622 ಅಲ್ಲ 635, ಹಾಗಾಗಿ ನಮ್ಮ ಬೈಕಿಗೆ ಕೂರಲ್ಲ. ನಾನು ಅಳೆಯೋದನ್ನು ನೋಡ್ತಾ ಕಾಕಾ ಕೇಳಿದ, 'ನಿನ್ನ ಟಾಯರಿಗೆ ಎಷ್ಟ ಕೊಟ್ಟೀಪಾ?'

ಎಂಟನೂರು ಅಂದೆ.

'ಭಾಳ ಆತು' ಅಂದ.